ಹಾರ ಹಿಡಿದು ಬರುವವರು ಅರ್ಜಿಯ ದಿನ ಎಲ್ಲಿರುತ್ತಾರೆ?

ನೀಟ್ ಫಲಿತಾಂಶ ಬಂದ ವಾರ ನಮ್ಮೂರಿನ ಬಸ್ ನಿಲ್ದಾಣದಿಂದ ಜಾಮಿಯಾ ಮಸೀದಿಯವರೆಗೆ ನಡೆದು ಹೋಗುವವರಿಗೆ ಬಿಸಿಲು ತಾಗುವುದಿಲ್ಲ. ಅಷ್ಟು ಫ್ಲೆಕ್ಸ್‌ಗಳು. ಒಂದೇ ಹುಡುಗನ ಒಂದೇ ಫೋಟೊ ಮೂರು ಬ್ಯಾನರುಗಳಲ್ಲಿ ಮೂರು ಬಣ್ಣದ ಹಿನ್ನೆಲೆಯಲ್ಲಿ ನಗುತ್ತಿರುತ್ತದೆ. ಒಂದು ಅವನು ಪಿಯುಸಿ ಓದಿದ ಕಾಲೇಜಿನದು, ಇನ್ನೊಂದು ಎರಡು ತಿಂಗಳು ಕ್ರ್ಯಾಶ್ ಕೋರ್ಸ್ ಮಾಡಿದ ಸೆಂಟರಿನದು, ಮತ್ತೊಂದು ನಾಲ್ಕು ಅಣಕು ಪರೀಕ್ಷೆ ಬರೆದ ಅಕಾಡೆಮಿಯದು. ಕೆಳಗೆ ಶುಭ ಕೋರುವವರ ಭಾವಚಿತ್ರಗಳು ಹುಡುಗನ ಫೋಟೊಗಿಂತ ದೊಡ್ಡವು. ಮುಂದಿನ ಭಾನುವಾರ ಶಾದಿ ಮಹಲಿನಲ್ಲಿ ಸನ್ಮಾನ. ಶಾಲು, ಹಾರ, ಗಾಜಿನ ನೆನಪಿನ ಕಾಣಿಕೆ, ಬಿರಿಯಾನಿ. ವೇದಿಕೆಯ ಮೇಲೆ ಹದಿನೈದು ಜನ, ಕೆಳಗೆ ಮೊದಲ ಸಾಲಿನಲ್ಲಿ ಐದು ಮಕ್ಕಳು.

ಅಂಥ ವೇದಿಕೆಗಳ ಮೇಲೆ ನಾವೂ ಕೂತಿದ್ದೇವೆ. ನಾಲ್ಕು ಕತೆ ಬರೆದವರನ್ನು ಊರಿನಲ್ಲಿ ಇಂಥ ಕೆಲಸಕ್ಕೆ ಕರೆಯುತ್ತಾರೆ. ಮೈಕಿನ ಮುಂದೆ ನಿಂತು, ‘ಓದು’ ಎಂಬ ಮಾತಿನಿಂದಲೇ ಶುರುವಾದ ಧರ್ಮ ನಮ್ಮದು ಎಂದು ನಾವೂ ಹೇಳಿದ್ದೇವೆ, ಚಪ್ಪಾಳೆ ಗಿಟ್ಟಿಸಿದ್ದೇವೆ. ಆದ್ದರಿಂದ ಮುಂದಿನ ಮಾತುಗಳನ್ನು ಬೇರೆಯವರಿಗೆ ಹಾಕಿದ ಛೀಮಾರಿ ಎಂದು ಯಾರೂ ತಿಳಿಯಬೇಕಾಗಿಲ್ಲ. ಮೊದಲ ಏಟು ನಮಗೇ.

ನಮ್ಮ ತಕರಾರು ಇಷ್ಟೆ. ಮೆಡಿಕಲ್ ಸೀಟಿಗಾಗಿ ಮಗು ಮಾಡಬೇಕಾದ ಕೆಲಸ ಒಂದಿದೆ, ಅದು ಓದು. ಹಿರಿಯರು ಮಾಡಬೇಕಾದ ಕೆಲಸ ಇನ್ನೊಂದಿದೆ. ಅದು ಅರ್ಜಿ, ಪ್ರಮಾಣಪತ್ರ, ಹಣ, ಪ್ರಯಾಣ. ನಾವು ಇದನ್ನು ತಲೆಕೆಳಗು ಮಾಡಿದ್ದೇವೆ. ಮಗುವಿನ ಓದಿನಲ್ಲಿ ಬೆಳಗ್ಗೆ ಫಜರ್‌ನಿಂದ ರಾತ್ರಿ ಹನ್ನೊಂದರವರೆಗೆ ಮೂಗು ತೂರಿಸುತ್ತೇವೆ. ಕಾಗದದ ಕೆಲಸವನ್ನು ಅದೇ ಮಗುವಿಗೂ, ಬಸ್ ನಿಲ್ದಾಣದ ಪಕ್ಕದ ಸೈಬರ್ ಸೆಂಟರಿನ ಹುಡುಗನಿಗೂ ಬಿಟ್ಟು ಕೈ ತೊಳೆದುಕೊಳ್ಳುತ್ತೇವೆ.

ನಮ್ಮ ತಂಗಿಯ ಮಗಳ ವಿಷಯ ಹೇಳದೆ ಈ ಮಾತು ಮುಂದೆ ಹೋಗುವುದಿಲ್ಲ. ತಂಗಿಯ ಗಂಡ ಲಾರಿ ಓಡಿಸುತ್ತಾರೆ. ತಿಂಗಳಲ್ಲಿ ಇಪ್ಪತ್ತು ದಿನ ಊರಲ್ಲಿರುವುದಿಲ್ಲ. ಹುಡುಗಿಯನ್ನು ಒಂದನೇ ತರಗತಿಗೆ ಸೇರಿಸಲು ಕರೆದುಕೊಂಡು ಹೋದವರು ನಾವು. ಮನೆಯಲ್ಲಿ ಅವಳ ಹೆಸರಿನ ಕೊನೆಯ ತುಂಡನ್ನು ಎಲ್ಲರೂ ಉರ್ದುವಿನಂತೆ ‘ಬಾನೋ’ ಎನ್ನುತ್ತಿದ್ದರು. ಶಾಲೆಯ ದಾಖಲಾತಿ ಪುಸ್ತಕದಲ್ಲಿ ನಾವು ‘ಬಾನು’ ಎಂದು ಬರೆಸಿದೆವು. ಕನ್ನಡದ ಕಿವಿಗೆ ಅದೇ ಇಂಪು ಎಂದು ಆಗ ನಮಗೆ ಅನ್ನಿಸಿತ್ತು. ಉರ್ದು ಬಲ್ಲವರಿಗೆ ಗೊತ್ತು, ‘ವಾವ್’ ಎಂಬ ಒಂದೇ ಅಕ್ಷರ ಅಲ್ಲಿ ಊಕಾರಕ್ಕೂ ದುಡಿಯುತ್ತದೆ, ಓಕಾರಕ್ಕೂ ದುಡಿಯುತ್ತದೆ. ಬರೆದಾಗ ಎರಡೂ ಒಂದೇ. ಕಂಪ್ಯೂಟರಿಗೆ ಮಾತ್ರ ವಾವ್ ಗೊತ್ತಿಲ್ಲ. ಮುಂದೆ ಆಧಾರ್ ಕಾರ್ಡಿನಲ್ಲಿ ಅವಳು ‘ಬಾನೋ’ ಆದಳು. ಆಧಾರ್ ನೋಡಿ ಕೊಟ್ಟ ಜಾತಿ ಮತ್ತು ಆದಾಯ ಪ್ರಮಾಣಪತ್ರದಲ್ಲೂ ‘ಬಾನೋ’. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಬಾನು’. ಇಂಗ್ಲಿಷಿನಲ್ಲಿ ಒಂದರ ಕೊನೆಗೆ ಯು, ಇನ್ನೊಂದರ ಕೊನೆಗೆ ಓ. ಒಂದೇ ಹುಡುಗಿ, ಸರ್ಕಾರದ ಎರಡು ಕಡತಗಳಲ್ಲಿ ಇಬ್ಬರು.

ಅವಳು ಓದಿದ ವರ್ಷಗಳು ಎಂಥವು ಎಂಬುದನ್ನೂ ಹೇಳಬೇಕು. 2022ರ ಫೆಬ್ರವರಿ 5ರಂದು ಸಮವಸ್ತ್ರದ ಆದೇಶ ಬಂದಾಗ ಎಸ್ಸೆಸ್ಸೆಲ್ಸಿಯಲ್ಲಿದ್ದಳು. ಮಾರ್ಚ್ 15ರಂದು ಹೈಕೋರ್ಟಿನ ಹಿಜಾಬ್ ತೀರ್ಪು, 28ರಿಂದ ಪರೀಕ್ಷೆ. ನಡುವಿನ ಹದಿಮೂರು ದಿನ ಆ ಮನೆಯಲ್ಲಿ ನಡೆದ ಚರ್ಚೆಯಲ್ಲಿ ಅವಳ ಗಣಿತದ ಬಗ್ಗೆ ಯಾರೂ ಒಂದು ಮಾತು ಕೇಳಲಿಲ್ಲ. ಅವಳು ಪರೀಕ್ಷೆ ಬರೆದಳು, ಚೆನ್ನಾಗಿಯೇ ಬರೆದಳು. ಪ್ರಥಮ ಪಿಯುಸಿ ಮುಗಿಯುವ ಹೊತ್ತಿಗೆ, 2023ರ ಮಾರ್ಚ್ ಕೊನೆಯಲ್ಲಿ, ಅಂದಿನ ರಾಜ್ಯ ಸರ್ಕಾರ 1995ರಿಂದ ನಡೆದು ಬಂದಿದ್ದ 2ಬಿ ಪ್ರವರ್ಗದ 4 ಶೇಕಡಾ ಮೀಸಲಾತಿಯನ್ನು ತೆಗೆದು ಮುಸ್ಲಿಮರನ್ನು ಆರ್ಥಿಕವಾಗಿ ಹಿಂದುಳಿದವರ ಸಾಲಿಗೆ ಕಳಿಸಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು, ಆದೇಶವನ್ನು ಸದ್ಯ ಜಾರಿಗೆ ತರುವುದಿಲ್ಲ ಎಂದು ಸರ್ಕಾರ ಅಲ್ಲಿ ಒಪ್ಪಿಕೊಂಡಿತು, ಹಳೆಯ ವ್ಯವಸ್ಥೆಯೇ ಮುಂದುವರಿಯಿತು. ಆದರೆ ಅಷ್ಟರಲ್ಲಿ, “ಮಾಮೂ, ಇನ್ನು ಓದಿ ಏನು ಪ್ರಯೋಜನ?” ಎಂದು ಹದಿನಾರರ ಹುಡುಗಿ ಕೇಳಿಯಾಗಿತ್ತು. ಇನ್ನು 2024ರ ಮೇ 5ರ ನೀಟ್ ಪರೀಕ್ಷೆಯ ಕತೆ ಎಲ್ಲರಿಗೂ ಗೊತ್ತು. ಜೂನ್ 14ಕ್ಕೆ ಬರಬೇಕಿದ್ದ ಫಲಿತಾಂಶ ಲೋಕಸಭೆಯ ಮತ ಎಣಿಕೆಯ ದಿನ, ಜೂನ್ 4ಕ್ಕೇ ಬಂತು. 720ಕ್ಕೆ 720 ತೆಗೆದವರು 67 ಜನ. 1563 ಮಕ್ಕಳಿಗೆ ಕೃಪಾಂಕ ಕೊಟ್ಟು ಆಮೇಲೆ ಹಿಂತೆಗೆದರು. ಪ್ರಶ್ನೆಪತ್ರಿಕೆ ಸೋರಿಕೆಯ ತನಿಖೆ ಸಿಬಿಐಗೆ ಹೋಯಿತು. ಜುಲೈ 23ರಂದು ಸುಪ್ರೀಂ ಕೋರ್ಟು ಮರುಪರೀಕ್ಷೆ ಬೇಡ ಎಂದಿತು. ಹಿಂದಿನ ವರ್ಷ ಸೀಟು ತರುತ್ತಿದ್ದ ಅಂಕ ಈ ವರ್ಷ ಬಾಗಿಲ ಹೊರಗೆ ನಿಂತಿತು.

ಇಷ್ಟೆಲ್ಲ ಹೇಳಿದ ಮೇಲೆ ಸರ್ಕಾರಗಳನ್ನು ಬೈದು ಲೇಖನ ಮುಗಿಸುವುದು ಸುಲಭ. ಬೈಯಬೇಕು ಕೂಡ. ಆದರೆ ನಮ್ಮ ಹುಡುಗಿಯ ಸೀಟು ಹೋದದ್ದು ಇವುಗಳಿಂದಲ್ಲ. ಇವೆಲ್ಲವನ್ನೂ ದಾಟಿ ಅವಳು ಅಂಚಿಗೆ ತಲುಪಿದ್ದಳು. 2ಬಿಗೂ ಸಾಮಾನ್ಯ ವರ್ಗಕ್ಕೂ ಇರುವ ಅಂತರ ಹೊರಗಿನವರು ಊಹಿಸಿ ಆಡಿಕೊಳ್ಳುವಷ್ಟು ದೊಡ್ಡದೇನಲ್ಲ. ಆ ಸಣ್ಣ ಅಂತರದೊಳಗೇ ಅವಳ ಅಂಕ ಇತ್ತು. ಅರ್ಜಿಯಲ್ಲಿ ಪ್ರಮಾಣಪತ್ರದ ಆರ್.ಡಿ. ಸಂಖ್ಯೆ ಹಾಕಿದಾಗ ಕಂದಾಯ ಇಲಾಖೆಯ ದಾಖಲೆಯ ಹೆಸರು ಅಂಕಪಟ್ಟಿಯ ಹೆಸರಿಗೆ ತಾಳೆಯಾಗಲಿಲ್ಲ. ಮೀಸಲಾತಿಯ ಕೋರಿಕೆ ನಿಲ್ಲಲಿಲ್ಲ. ಅವಳು ಸಾಮಾನ್ಯ ವರ್ಗದ ಸಾಲಿಗೆ ಬಿದ್ದಳು. ತಿದ್ದುಪಡಿಗೆಂದು ಕೊಟ್ಟ ದಿನಗಳು ಇದ್ದವು. ಆ ದಿನಗಳಲ್ಲಿ ಅವಳು ಜೀವಶಾಸ್ತ್ರ ಓದುತ್ತಿದ್ದಳು, ಅವಳ ತಂದೆ ನಾಸಿಕದ ದಾರಿಯಲ್ಲಿದ್ದರು, ನಾವು ಒಂದು ಸಾಹಿತ್ಯ ಕಮ್ಮಟದಲ್ಲಿದ್ದೆವು. ಹೊಸ ಪ್ರಮಾಣಪತ್ರ ಕೈಗೆ ಬರುವಷ್ಟರಲ್ಲಿ ಗಡುವು ಮುಗಿದಿತ್ತು. ಯಾವ ಕಚೇರಿಯ ತಪ್ಪೂ ಇದರಲ್ಲಿಲ್ಲ. ಹನ್ನೆರಡು ವರ್ಷಗಳ ಹಿಂದೆ ಅಕ್ಷರ ಬರೆಸಿದವರೂ ನಾವೇ, ಹನ್ನೆರಡು ವರ್ಷ ಅದನ್ನು ತಿರುಗಿ ನೋಡದವರೂ ನಾವೇ. ಆದರೆ ಆ ಎರಡು ವರ್ಷಗಳಲ್ಲಿ, “ಎಷ್ಟು ಮಾರ್ಕ್ಸ್ ಬಂತು?” ಎಂದು ನಾವು ಅವಳನ್ನು ಕನಿಷ್ಠ ನೂರು ಸಲ ಕೇಳಿದ್ದೇವೆ.

ಮುಸ್ಲಿಂ ಮನೆಗಳಲ್ಲಿ ಇದು ಅಪರೂಪದ ಘಟನೆ ಎಂದು ಯಾರಾದರೂ ತಿಳಿದಿದ್ದರೆ ತಮ್ಮ ಮನೆಯ ಕಬ್ಬಿಣದ ಪೆಟ್ಟಿಗೆ ತೆಗೆದು ನೋಡಲಿ. ಮೊಹಮ್ಮದ್, ಮಹಮ್ಮದ್, ಮಹಮದ್, ಎಂ.ಡಿ. ಎಂದು ಒಬ್ಬನೇ ಹುಡುಗ ನಾಲ್ಕು ಕಾಗದಗಳಲ್ಲಿ ನಾಲ್ಕು ಥರ ಇರುತ್ತಾನೆ. ತಂದೆಯ ಹೆಸರಿನ ಹಿಂದೆ ಒಂದು ಕಡೆ ಶೇಕ್, ಇನ್ನೊಂದು ಕಡೆ ಎಸ್. ಎಂಬ ಇನಿಷಿಯಲ್, ಮತ್ತೊಂದು ಕಡೆ ಏನೂ ಇಲ್ಲ. ತಾಯಿ ಮದುವೆಗೆ ಮುಂಚೆ ಬೀ, ಆಮೇಲೆ ಬೇಗಂ. ಪಡಿತರ ಚೀಟಿಯಲ್ಲಿ ಮನೆಯ ಹೆಸರು, ಮತದಾರರ ಪಟ್ಟಿಯಲ್ಲಿ ಓಣಿಯ ಹೆಸರು. ಅರಬ್ಬಿಯಿಂದ ಉರ್ದುವಿಗೆ, ಉರ್ದುವಿನಿಂದ ಕನ್ನಡಕ್ಕೆ, ಕನ್ನಡದಿಂದ ಇಂಗ್ಲಿಷಿಗೆ ದಾಟುವಾಗ ನಮ್ಮ ಹೆಸರುಗಳು ಪ್ರತಿ ನಾಕಾದಲ್ಲೂ ಒಂದೊಂದು ಅಕ್ಷರದ ಸುಂಕ ಕಟ್ಟುತ್ತವೆ. ಕತೆ ಬರೆಯುವವರಿಗೆ ಇದು ತಮಾಷೆಯ ವಸ್ತು. ಅರ್ಜಿ ಹಾಕುವ ಮಗುವಿಗೆ ಹಾಗಲ್ಲ.

ಕಾಗದ ಎಂದರೆ ಬರೀ ಹೆಸರೂ ಅಲ್ಲ. 2ಬಿ ಕೇಳುವವರಿಗೆ ನಮೂನೆ-ಎಫ್‌ನ ಪ್ರಮಾಣಪತ್ರ ಬೇಕು. ಮನೆಯ ವಾರ್ಷಿಕ ಆದಾಯ 8 ಲಕ್ಷದ ಒಳಗಿರಬೇಕು. ನದಾಫ್, ಪಿಂಜಾರರಂಥವರು ಪ್ರವರ್ಗ-1ಕ್ಕೆ ಸೇರುತ್ತಾರೆ, ಅದರ ನಮೂನೆ ಬೇರೆ. ಆದರೂ ‘ಎಲ್ಲ ಮುಸ್ಲಿಮರೂ 2ಬಿ’ ಎಂದು ಬರೆಸಿಕೊಂಡು ಬಂದವರನ್ನು ನಾವು ನೋಡಿದ್ದೇವೆ. ಒಂದರಿಂದ ಹತ್ತನೇ ತರಗತಿಯವರೆಗೆ ಹಳ್ಳಿಯಲ್ಲಿ ಓದಿದ್ದರೆ ಗ್ರಾಮೀಣ ಮೀಸಲು, ಅಷ್ಟೂ ವರ್ಷ ಕನ್ನಡ ಮಾಧ್ಯಮವಾಗಿದ್ದರೆ ಅದರ ಮೀಸಲು. ಎರಡಕ್ಕೂ ಶಾಲೆಯ ಮುಖ್ಯೋಪಾಧ್ಯಾಯರ ಸಹಿ, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ. ಉರ್ದು ಶಾಲೆಯ ಮಕ್ಕಳಿಗೆ ಈ ಕನ್ನಡ ಮಾಧ್ಯಮದ ಬಾಗಿಲು ಇಲ್ಲ ಎಂಬುದನ್ನು ಒಂದನೇ ತರಗತಿಗೆ ಸೇರಿಸುವಾಗ ಯಾವ ತಂದೆಯೂ ಯೋಚಿಸಿರುವುದಿಲ್ಲ. ಬಳ್ಳಾರಿ, ರಾಯಚೂರು, ಕಲಬುರಗಿ ಕಡೆಯವರಿಗೆ 371ಜೆ ಪ್ರಮಾಣಪತ್ರ. ಇವೆಲ್ಲ ರಾಜ್ಯದ ಲೆಕ್ಕ. ಅಖಿಲ ಭಾರತ ಕೋಟಾದ 15 ಶೇಕಡಾ ಸರ್ಕಾರಿ ಸೀಟುಗಳಿಗೆ ದೆಹಲಿಯ ಸಮಿತಿಯಲ್ಲಿ ಬೇರೆಯೇ ನೋಂದಣಿ. ಅಲ್ಲಿ 2ಬಿ ಎಂಬ ಪದವೇ ಇಲ್ಲ, ಹಿಂದುಳಿದವರ ಪಟ್ಟಿಯೂ ಬೇರೆ. ಆಮೇಲೆ ಕಾಲೇಜುಗಳ ಆಯ್ಕೆ ತುಂಬಬೇಕು. ಯಾವುದು ಮೊದಲು, ಯಾವುದು ನಂತರ, ಸೀಟು ಬಂದರೆ ಸೇರುವುದೋ, ಹಿಡಿದಿಟ್ಟುಕೊಂಡು ಮುಂದಿನ ಸುತ್ತಿಗೆ ಕಾಯುವುದೋ, ಬಿಡುವುದೋ. ಒಂದು ತಪ್ಪು ಗುಂಡಿ ಒತ್ತಿದರೆ ಎರಡು ವರ್ಷದ ಓದು ನೀರಲ್ಲಿ ಹೋಮ.

ಈ ಪಟ್ಟಿ ಓದಿ ತಲೆ ತಿರುಗಿತೇ? ನಮಗೂ ತಿರುಗಿತ್ತು. ಹದಿನೇಳರ ಮಗು ಇದನ್ನು 180 ಪ್ರಶ್ನೆಗಳ ಪರೀಕ್ಷೆಯ ಜೊತೆ ಹೊರಬೇಕು ಎಂದು ನಾವು ಬಯಸುತ್ತೇವೆ.

ಪರೀಕ್ಷೆಯ ದಿನದ ಒಂದು ಕೆಲಸವನ್ನು ಮಾತ್ರ ನಾವು ಸರಿಯಾಗಿ ಮಾಡಿದೆವು ಎಂದು ಹೇಳಿಕೊಳ್ಳಬಹುದು. ತಲೆವಸ್ತ್ರ ಧರಿಸುವವರು ತಪಾಸಣೆಗಾಗಿ ಬೇಗ ಬರಬೇಕು ಎಂಬ ಸೂಚನೆ ಪ್ರವೇಶಪತ್ರದ ಜೊತೆಗೇ ಇರುತ್ತದೆ. ಅದನ್ನು ಓದಿ, ಮುಂಚಿತವಾಗಿ ಕರೆದುಕೊಂಡು ಹೋದೆವು. ಪಿನ್ನುಗಳನ್ನು ಮನೆಯಲ್ಲೇ ತೆಗೆಸಿ, ಹೊಲಿಗೆ ಹಾಕಿದ ವಸ್ತ್ರ ಹಾಕಿಸಿದ್ದಳು ನಮ್ಮ ಹೆಂಡತಿ. ಹೆಣ್ಣು ಸಿಬ್ಬಂದಿ ಪರೀಕ್ಷಿಸಿ ಒಳಗೆ ಬಿಟ್ಟರು, ಎರಡು ನಿಮಿಷದ ಕೆಲಸ. ಕೊನೆಯ ಗಳಿಗೆಯಲ್ಲಿ ಓಡಿ ಬಂದ ಒಬ್ಬ ತಂದೆ ಗೇಟಿನಲ್ಲಿ ಧರ್ಮ, ಸಂವಿಧಾನ ಎಂದೆಲ್ಲ ಕೂಗಾಡುತ್ತಿದ್ದ. ಅವನ ಮಗಳು ಪಕ್ಕದಲ್ಲಿ ಕಣ್ಣೀರು ಒರೆಸಿಕೊಳ್ಳುತ್ತ ನಿಂತಿದ್ದಳು. ಕೇರಳದ ಹೈಕೋರ್ಟಿನಲ್ಲಿ 2015 ಮತ್ತು 2016ರಲ್ಲಿ ಹೆಣ್ಣುಮಕ್ಕಳು ಹೋರಾಡಿ ಪಡೆದ ಹಕ್ಕು ಇದು. ಅದನ್ನು ಉಳಿಸಿಕೊಳ್ಳಲು ಅಂದು ಬೇಕಾಗಿದ್ದದ್ದು ಒಂದು ಗಂಟೆ ಮುಂಚೆ ಹೊರಡುವ ಬುದ್ಧಿ ಮಾತ್ರ.

ಭಾಷೆಯ ವಿಷಯದಲ್ಲೂ ನಮ್ಮ ಸಂಭ್ರಮ ಹೀಗೇ. 2017ರಲ್ಲಿ ನೀಟ್ ಹತ್ತು ಭಾಷೆಗಳಲ್ಲಿ ನಡೆದಾಗ ಕನ್ನಡ ಇತ್ತು, ಉರ್ದು ಇರಲಿಲ್ಲ. ಸುಪ್ರೀಂ ಕೋರ್ಟಿನವರೆಗೆ ಹೋಗಿ 2018ರಿಂದ ಉರ್ದುವೂ ಬಂತು. ಸಿಹಿ ಹಂಚಿದೆವು. ಆದರೆ ಉರ್ದುವಿನಲ್ಲಿ ಭೌತಶಾಸ್ತ್ರ ಕಲಿಸುವ ಪಿಯು ಕಾಲೇಜು ನಮ್ಮ ತಾಲ್ಲೂಕಿನಲ್ಲಿ ಒಂದೂ ಇಲ್ಲ. ಕನ್ನಡದಲ್ಲೂ ಇಲ್ಲ. ಹತ್ತರವರೆಗೆ ಉರ್ದುವಿನಲ್ಲೋ ಕನ್ನಡದಲ್ಲೋ ಓದಿದ ಮಗು ಪಿಯುಸಿಯ ಮೊದಲ ಆರು ತಿಂಗಳು ವಿಜ್ಞಾನ ಕಲಿಯುವುದಿಲ್ಲ, ಇಂಗ್ಲಿಷ್ ಕಲಿಯುತ್ತದೆ. ಆ ಆರು ತಿಂಗಳನ್ನು ಎಂಟನೇ ತರಗತಿಯಿಂದಲೇ ಸ್ವಲ್ಪ ಸ್ವಲ್ಪವಾಗಿ ತುಂಬಿಕೊಡಲು ಓಣಿಗೊಬ್ಬ ನಿವೃತ್ತ ಮೇಷ್ಟ್ರು ಸಾಕು. ಅದಕ್ಕೆ ಫ್ಲೆಕ್ಸ್ ಬೇಕಿಲ್ಲ, ಬಹುಶಃ ಆದ್ದರಿಂದಲೇ ಯಾರೂ ಮಾಡುವುದಿಲ್ಲ.

ಇಷ್ಟಕ್ಕೂ ನಮಗೆ ಡಾಕ್ಟರೇ ಏಕೆ ಬೇಕು? ಇದನ್ನು ಬರೀ ಡೌಲು ಎಂದು ತಳ್ಳಿಹಾಕಲು ನಾವು ತಯಾರಿಲ್ಲ. ನೇಮಕಾತಿ ಆದೇಶಕ್ಕೆ ಕಾದು ಕಾದು ಸೋತ ಸಮುದಾಯಕ್ಕೆ ಸ್ವಂತ ಬೋರ್ಡು ಹಾಕಿಕೊಳ್ಳಬಹುದಾದ ಉದ್ಯೋಗದ ಮೇಲೆ ಮೋಹ ಹುಟ್ಟುವುದು ಸಹಜ. ಗ್ಯಾರೇಜು, ಹಣ್ಣಿನ ಗಾಡಿ, ಟೈಲರಿಂಗ್ ಅಂಗಡಿಯ ಮುಂದುವರಿಕೆಯೇ ಕ್ಲಿನಿಕ್ಕು. ಮೇಲಧಿಕಾರಿ ಇಲ್ಲ, ಸಂದರ್ಶನ ಇಲ್ಲ. ಬಾಡಿಗೆ ಮನೆ ಕೇಳಲು ಹೋದಾಗ ಹೆಸರು ಕೇಳಿ ಮುಖ ತಿರುಗಿಸುವವರೂ ಜ್ವರ ಬಂದಾಗ ಡಾಕ್ಟರ ಹೆಸರು ಕೇಳುವುದಿಲ್ಲ ಎಂಬ ನಂಬಿಕೆ. 2006ರ ಸಾಚಾರ್ ವರದಿ ಕನ್ನಡಿ ಹಿಡಿದು ತೋರಿಸಿದ ಮೇಲೆ ಆ ಮೋಹಕ್ಕೆ ಹಟವೂ ಸೇರಿಕೊಂಡಿತು. ಮುಮ್ತಾಜ್ ಅಹ್ಮದ್ ಖಾನರು ಡಾಕ್ಟರಾಗಿದ್ದವರು 1966ರಲ್ಲಿ ಬೆಂಗಳೂರಿನಲ್ಲಿ ಅಲ್-ಅಮೀನ್ ಕಟ್ಟಿದರು. ವಿಜಾಪುರದಲ್ಲಿ ಮೆಡಿಕಲ್ ಕಾಲೇಜೇ ಬಂತು. ಬೀದರಿನಂಥ ಊರಿನಿಂದ ಇಂದು ಮಕ್ಕಳು ಸರ್ಕಾರಿ ಮೆಡಿಕಲ್ ಸೀಟು ಪಡೆಯುತ್ತಿದ್ದಾರೆ. ಇದು ಸಣ್ಣ ಸಾಧನೆಯಲ್ಲ.

ಆದರೆ ಲೆಕ್ಕ ಲೆಕ್ಕವೇ. 2024ರಲ್ಲಿ ನೀಟ್‌ಗೆ ಹೆಸರು ನೋಂದಾಯಿಸಿದವರು 24 ಲಕ್ಷ ಮಕ್ಕಳು. ದೇಶದ ಎಂಬಿಬಿಎಸ್ ಸೀಟುಗಳು 1 ಲಕ್ಷಕ್ಕೆ ಸ್ವಲ್ಪ ಮೇಲೆ, ಅದರಲ್ಲಿ ಹೆಚ್ಚುಕಡಿಮೆ ಅರ್ಧ ಸರ್ಕಾರಿ. ನಮ್ಮ ರಾಜ್ಯದಲ್ಲಿ ಸರ್ಕಾರಿ ಕಾಲೇಜಿನ ವರ್ಷದ ಶುಲ್ಕ 60 ಸಾವಿರ ಚಿಲ್ಲರೆ, ಖಾಸಗಿ ಕಾಲೇಜಿನ ಸರ್ಕಾರಿ ಕೋಟಾದ್ದು 1.5 ಲಕ್ಷದ ಆಸುಪಾಸು. ಖಾಸಗಿ ಕೋಟಾಕ್ಕೆ ಬಂದರೆ 10 ಲಕ್ಷ ದಾಟುತ್ತದೆ, ಆಡಳಿತ ಮಂಡಳಿಯ ಸೀಟುಗಳ ಮಾತೇ ಬೇಡ. ಕ್ಯಾಪಿಟೇಶನ್ ಹಾವಳಿಯ ತವರು ಎನಿಸಿಕೊಂಡ ರಾಜ್ಯ ನಮ್ಮದು. 1992ರ ಮೋಹಿನಿ ಜೈನ್ ಮೊಕದ್ದಮೆ ಹುಟ್ಟಿದ್ದು ಇಲ್ಲಿಯ ಕಾಲೇಜೊಂದರ ಶುಲ್ಕದಿಂದಲೇ. 1994ರಲ್ಲಿ ಸಿಇಟಿ ಬಂತು, 2016ರಿಂದ ನೀಟ್ ಖಾಯಂ ಆಯಿತು. ಬಾಗಿಲು ಬದಲಾದವು, ಹೊರಗೆ ನಿಂತವರ ಸಾಲು ಮಾತ್ರ ಉದ್ದವಾಯಿತು.

ಆ ಸಾಲಿನಲ್ಲಿ ಉಳಿದವರನ್ನು ಎರಡು ಬಗೆಯ ಜನ ಬಂದು ಎಳೆಯುತ್ತಾರೆ. ಒಬ್ಬರು ವಿದೇಶಕ್ಕೆ ಕಳಿಸುವವರು. ನಮ್ಮೂರಿನಿಂದ ಹೆದ್ದಾರಿ ಹಿಡಿದು ರಾಣೆಬೆನ್ನೂರಿನ ಕಡೆ ಹೋದರೆ ಚಳಗೇರಿ ಸಿಗುತ್ತದೆ. ಆ ಊರಿನ ನವೀನ್ ಶೇಖರಪ್ಪ ಗ್ಯಾನಗೌಡರ್ ಪಿಯುಸಿಯಲ್ಲಿ 97 ಶೇಕಡಾ ತೆಗೆದ ಹುಡುಗ. ಇಲ್ಲಿ ಸೀಟು ಕೈಗೆಟುಕದೆ ಉಕ್ರೇನಿನ ಹಾರ್ಕಿವ್‌ಗೆ ಹೋಗಿದ್ದ. 2022ರ ಮಾರ್ಚ್ 1ರಂದು ದಿನಸಿ ತರಲು ಹೊರಗೆ ಬಂದಾಗ ಶೆಲ್ ದಾಳಿಗೆ ಸಿಕ್ಕಿ ಸತ್ತ. ಮೂರು ವಾರಗಳ ನಂತರ ಬಂದ ಮಗನ ದೇಹವನ್ನು ತಂದೆತಾಯಿ ದಾವಣಗೆರೆಯ ಮೆಡಿಕಲ್ ಕಾಲೇಜಿಗೇ ದಾನ ಕೊಟ್ಟರು. ಒಳಗೆ ಓದಲು ಸೇರಿಸಲಾಗದ ಮಗನನ್ನು ಹಾಗೆ ಒಳಗೆ ಕಳಿಸಿದ ಆ ತಂದೆಯ ಮುಂದೆ ನಾವು ಏನು ಭಾಷಣ ಮಾಡಬಲ್ಲೆವು? ಆದರೂ ಏಜೆಂಟರ ಕರಪತ್ರಗಳು ಜುಮ್ಮಾ ನಮಾಜಿನ ಹೊತ್ತಿಗೆ ಮಸೀದಿಯ ಗೇಟಿನಲ್ಲಿ ಹಂಚಲ್ಪಡುತ್ತವೆ. ಹೋಗುವವರೂ ನೀಟ್ ಪಾಸಾಗಿರಬೇಕು, ಹಿಂತಿರುಗಿ ಬಂದ ಮೇಲೆ ಇನ್ನೊಂದು ಪರೀಕ್ಷೆ ಇದೆ, ಅದರಲ್ಲಿ ತೇರ್ಗಡೆಯಾಗುವವರು ಹಲವು ಸಲ ನೂರಕ್ಕೆ ಇಪ್ಪತ್ತರ ಆಸುಪಾಸು ಮಾತ್ರ. ಇದು ಕರಪತ್ರದಲ್ಲಿ ಇರುವುದಿಲ್ಲ.

ಇನ್ನೊಬ್ಬರು ‘ಲಾಂಗ್ ಟರ್ಮ್’ನವರು. ಇನ್ನೊಂದು ವರ್ಷ, ಮತ್ತೊಂದು ವರ್ಷ. ತಾನೇ ಬಯಸಿ ಮತ್ತೊಮ್ಮೆ ಬರೆಯುವ ಮಗುವಿನ ಬಗ್ಗೆ ನಮ್ಮ ಮಾತಿಲ್ಲ. ಅಂಥವರು ಗೆದ್ದದ್ದೂ ಇದೆ. ಆದರೆ ಮೂರನೇ ಸಲ, ನಾಲ್ಕನೇ ಸಲ ತಂದೆಯ ಆಸೆಗಾಗಿ ಹಾಸ್ಟೆಲಿನಲ್ಲಿ ಕೊಳೆಯುವ ಮಕ್ಕಳು? 2023ರಲ್ಲಿ ರಾಜಸ್ಥಾನದ ಕೋಟಾ ಒಂದೇ ಊರಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಕೋಚಿಂಗ್ ಮಕ್ಕಳು ಪ್ರಾಣ ಕಳೆದುಕೊಂಡರು. ಜಿಲ್ಲಾಡಳಿತ ಮಾಡಿದ್ದೇನು? ಹಾಸ್ಟೆಲುಗಳ ಸೀಲಿಂಗ್ ಫ್ಯಾನುಗಳಿಗೆ ಸ್ಪ್ರಿಂಗ್ ಹಾಕಿಸಲು ಆದೇಶಿಸಿತು. ಭಾರ ಬಿದ್ದರೆ ಫ್ಯಾನು ಕೆಳಗಿಳಿಯುತ್ತದಂತೆ. ಆ ಭಾರ ಹೊರಿಸಿದವರು ಮನೆಯಲ್ಲಿ ಹಾಯಾಗಿದ್ದಾರೆ. ‘ತವಕ್ಕುಲ್’ ಎಂಬ ಮಾತನ್ನು ವ್ಯಾಪಾರದಲ್ಲಿ ನಷ್ಟವಾದಾಗ ನಾವು ಧಾರಾಳವಾಗಿ ಬಳಸುತ್ತೇವೆ. ಮಗುವಿನ ರ್‍ಯಾಂಕು ಬಿದ್ದಾಗ ಮಾತ್ರ ಅದು ನಾಲಿಗೆಗೆ ಬರುವುದಿಲ್ಲ.

‘ಒತ್ತಡ ಹಾಕದಿದ್ದರೆ ಮಕ್ಕಳು ಓದುತ್ತಾರೆಯೇ?’ ಎಂದು ಸ್ನೇಹಿತರು ಕೇಳುತ್ತಾರೆ. ಹದಿನಾಲ್ಕು ಗಂಟೆ ಪುಸ್ತಕದ ಮುಂದೆ ಕೂರುವ ಮಗುವಿಗೆ ಓದಬೇಕೆಂದು ಹೇಳಿಕೊಡಲು ನಾವು ಯಾರು? ನಾವು ಓದಿದ್ದಾದರೂ ಎಷ್ಟು? ಅದಕ್ಕೆ ಬೇಕಾದದ್ದು ರಾತ್ರಿ ಹತ್ತರ ನಂತರ ಟಿವಿ ಬಂದ್ ಮಾಡುವ ಮನೆ, ತಮ್ಮನ ಗಲಾಟೆಯನ್ನು ಹೊರಗೆ ಕರೆದುಕೊಂಡು ಹೋಗುವ ಚಿಕ್ಕಪ್ಪ, ಹೆಣ್ಣುಮಗುವಾದರೆ ಪರೀಕ್ಷೆಯ ತಿಂಗಳಲ್ಲಿ ರೊಟ್ಟಿ ಲಟ್ಟಿಸಲು ಕರೆಯದ ಅಜ್ಜಿ. ನಮ್ಮ ತಂಗಿಯ ಮನೆಗೆ ಮೇ ತಿಂಗಳಿಗೆ ಮೊದಲು, ಪರೀಕ್ಷೆಗೆ ಹದಿನೈದು ದಿನ ಇರುವಾಗ, ಸಂಬಂಧ ನೋಡಲು ಬಂದವರಿದ್ದಾರೆ. ಡಾಕ್ಟರಾಗುವ ಹುಡುಗಿ ಎಂಬ ಸುದ್ದಿ ಹಬ್ಬಿತ್ತಂತೆ. ಓದು ಮುಗಿದ ಮೇಲೆ ಪ್ರಾಕ್ಟೀಸ್ ಬೇಕಾಗಿಲ್ಲ, ಹೆಸರಿನ ಹಿಂದೆ ‘ಡಾ’ ಇದ್ದರೆ ಸಾಕು ಎಂದರಂತೆ. ಶರಬತ್ತು ಕೊಟ್ಟು ಕಳಿಸಿದ್ದಾರೆ. ನಾವಿದ್ದಿದ್ದರೆ ಅದೂ ಇಲ್ಲ.

ಹಣದ ಮಾತು ಉಳಿಯಿತು. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಸಾಲ ಇದೆ. ಪ್ರವೇಶ ಪರೀಕ್ಷೆಯಲ್ಲಿ ಸೀಟು ಪಡೆದವರಿಗೆ 2 ಶೇಕಡಾ ಸೇವಾ ಶುಲ್ಕದಲ್ಲಿ ಸಿಗುತ್ತದೆ. ಆ 2 ಶೇಕಡಾ ಬಡ್ಡಿಯೋ ಅಲ್ಲವೋ ಎಂದು ನಮ್ಮಲ್ಲಿ ಇಶಾ ನಮಾಜಿನ ನಂತರ ಗಂಟೆಗಟ್ಟಲೆ ಚರ್ಚೆಯಾಗುತ್ತದೆ. ಚರ್ಚೆ ಮಾಡುವವರಲ್ಲಿ ಇಬ್ಬರು ಮಗಳ ಮದುವೆಗೆ ಚಿನ್ನ ಅಡವಿಟ್ಟು ಬ್ಯಾಂಕಿಗೆ ಬಡ್ಡಿ ಕಟ್ಟುತ್ತಿರುವವರು. ಅನುಮಾನವಿದ್ದವರು ಆ ಸೇವಾ ಶುಲ್ಕವನ್ನು ಜಮಾತಿನಿಂದ ತುಂಬಿಕೊಡಲಿ, ಯಾರು ಬೇಡ ಎಂದರು? ಸನ್ಮಾನ ಸಮಾರಂಭದ ಬಿರಿಯಾನಿಯ ಖರ್ಚಿನಲ್ಲಿ ಎಷ್ಟೋ ಮಕ್ಕಳ ಅರ್ಜಿ ಶುಲ್ಕ ಮತ್ತು ಬೆಂಗಳೂರಿನ ಬಸ್ ಚಾರ್ಜು ಹುಟ್ಟುತ್ತದೆ.

ನಮ್ಮ ಹುಡುಗಿ ಇನ್ನೊಂದು ವರ್ಷ ಬರೆಯುವುದಿಲ್ಲ ಎಂದಳು. ಮನೆಯಲ್ಲಿ ಅಳು, ಸಂಬಂಧಿಕರಲ್ಲಿ ಪಿಸುಮಾತು. ‘ಬಾನು’ ಬರೆಸಿದ ತಪ್ಪಿಗೆ ನಾವು ಅವಳ ಮುಂದೆ ಹೋಗಲು ಹಿಂಜರಿದೆವು. ಅವಳೇ ಬಂದು, “ಮಾಮೂ, ನರ್ಸಿಂಗ್ ಅರ್ಜಿಗೆ ನೀವು ಜೊತೆಗೆ ಬರ್ತೀರಾ? ಈ ಸಲ ಎಲ್ಲ ಕಾಗದ ನೀವೇ ಓದಿ ಕೊಡಬೇಕು” ಎಂದಳು. ಬಿ.ಎಸ್ಸಿ. ನರ್ಸಿಂಗ್ ಸೇರಿದಳು. ಶಾದಿ ಮಹಲಿನಿಂದ ಯಾರೂ ಕರೆಯಲಿಲ್ಲ. ಕೊರೋನಾ ಕಾಲದಲ್ಲಿ ನರ್ಸುಗಳಿಗಾಗಿ ತಟ್ಟೆ ಬಡಿದದ್ದು ಜನರಿಗೆ ಮರೆತುಹೋಗಿತ್ತು.

ಈಗ ಭಾನುವಾರ ಝುಹರ್ ನಮಾಜಿನ ನಂತರ ಮದ್ರಸಾದ ಒಂದು ಕೋಣೆಯಲ್ಲಿ ನಾವು ನಾಲ್ಕು ಜನ ಕೂರುತ್ತೇವೆ. ಒಬ್ಬರು ನಿವೃತ್ತ ಗ್ರಾಮ ಲೆಕ್ಕಿಗರು, ಹೆಸರಿನಿಂದ ಲಿಂಗಾಯತರು, ನಾಡಕಚೇರಿಯ ಒಳಹೊರಗು ಬಲ್ಲವರು. ಎಂಟನೇ ತರಗತಿಯಿಂದ ಮೇಲಿನ ಮಕ್ಕಳ ತಾಯಂದಿರು ಕಾಗದಗಳ ಪ್ಲಾಸ್ಟಿಕ್ ಚೀಲ ಹಿಡಿದು ಬರುತ್ತಾರೆ. ಎಸ್ಸೆಸ್ಸೆಲ್ಸಿ ಅರ್ಜಿ ತುಂಬುವ ಮೊದಲೇ ಶಾಲೆಯ ದಾಖಲೆ ನೋಡಬೇಕು. ಆಮೇಲೆ ಅಂಕಪಟ್ಟಿಯ ಹೆಸರೇ ಮೂಲ, ಉಳಿದದ್ದನ್ನೆಲ್ಲ ಅದಕ್ಕೆ ಸರಿಯಾಗಿ ತಿದ್ದಿಸಬೇಕು ಎಂದು ಲೆಕ್ಕಿಗರು ಪ್ರತಿ ವಾರ ಹೇಳುತ್ತಾರೆ.

ಕಳೆದ ರಜೆಯಲ್ಲಿ ಬಂದಿದ್ದ ನಮ್ಮ ಹುಡುಗಿಯೂ ಪೆನ್ಸಿಲ್ ಹಿಡಿದು ಕೂತಿದ್ದಳು. ಬಣ್ಣ ಬಳಿಯುವ ಕೆಲಸದವರೊಬ್ಬರ ಮಗ, ದ್ವಿತೀಯ ಪಿಯುಸಿ. ಅಂಕಪಟ್ಟಿಯಲ್ಲಿ ಮೊಹಮ್ಮದ್, ಆಧಾರ್‌ನಲ್ಲಿ ಮಹಮದ್, ಜಾತಿ ಪ್ರಮಾಣಪತ್ರದಲ್ಲಿ ಎಂ.ಡಿ. ಮೂರನ್ನೂ ಸಾಲಾಗಿ ಇಟ್ಟು, ಒಂದೊಂದೇ ಅಕ್ಷರದ ಕೆಳಗೆ ಗೆರೆ ಎಳೆದು, “ಮಾಮೂ, ಇಲ್ಲಿ ಒಂದು ಎಂ ಕಡಿಮೆ ಇದೆ” ಎಂದಳು. ಹುಡುಗನ ತಂದೆ ಜೇಬಿಗೆ ಕೈ ಹಾಕಿ, ಇದಕ್ಕೆ ಎಷ್ಟಾಗುತ್ತದೆ ಎಂದು ಕೇಳಿದರು. ಏನೂ ಬೇಡ, ಮೂರರ ಎರಡೆರಡು ಜೆರಾಕ್ಸ್ ಮಾಡಿಸಿಕೊಂಡು ಸೋಮವಾರ ಹತ್ತು ಗಂಟೆಗೆ ನಾಡಕಚೇರಿಯ ಹತ್ತಿರ ಬನ್ನಿ, ಹುಡುಗನನ್ನು ಕರೆತರಬೇಡಿ, ಅವನು ಓದಿಕೊಳ್ಳಲಿ ಎಂದೆವು.